ಇವತ್ತು ಎಷ್ಟು ಪರ್ಸೆಂಟ್ ಮುಗಿಯಿತು?

ನಮ್ಮ ಭಾವನವರನ್ನು ಏನು ಬೇಕಾದರೂ ಕೇಳಿ, ಗಂಟೆ ಎಷ್ಟು ಎಂದು ಮಾತ್ರ ಕೇಳಬೇಡಿ! ಸಂಜೆ ಆರಕ್ಕೆ ಕೇಳಿದಿರೋ, "ಇವತ್ತು ಎಪ್ಪತ್ತೈದು ಪರ್ಸೆಂಟ್ ಮುಗೀತು" ಎನ್ನುತ್ತಾರೆ. ಇದಕ್ಕೆ ಕೈಗಡಿಯಾರ ಯಾಕೆ ಬೇಕು, ಹೇಳಿ?

ಭಾವನವರು ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ರಿಟೈರ್ ಆದ ಮೇಲೆ ಘಾಟ್ಕೋಪರ್‌ನ ನಮ್ಮ ಮನೆಯಲ್ಲೇ ಇದ್ದಾರೆ. ಸಂಜೆ ದೀಪ ಹಚ್ಚಿ, ನಾನು ಸಹಸ್ರನಾಮ ಮುಗಿಸುವವರೆಗೆ ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ. ಅರ್ಧ ಗಂಟೆಯ ಪಾರಾಯಣ. ಹದಿನೈದನೆಯ ನಿಮಿಷಕ್ಕೆ ಸರಿಯಾಗಿ ಹಾಲ್‌ನಿಂದ, "ಐವತ್ತು!"

"ಭಾವ, ದೇವರ ಮುಂದೆ ಲೆಕ್ಕ ಬೇಡ."

"ಲೆಕ್ಕ ದೇವರಿಗಲ್ಲಮ್ಮ, ಕಾಫಿಗೆ."

ಹೋದ ವರ್ಷ ನನ್ನ ಎದೆಯ ಗಡ್ಡೆ ತೆಗೆದರು. ಆಮೇಲೆ ಇಪ್ಪತ್ತೈದು ದಿನ ರೇಡಿಯೇಷನ್ ಆಗಬೇಕೆಂದರು. ಯಜಮಾನರ ಕೆಲಸ ದೂರದ ಕಾಂದಿವಲಿಯಲ್ಲಿ. ಹಾಗಾಗಿ ದಾದರ್‌ನ ಆಸ್ಪತ್ರೆಗೆ ನನ್ನ ಜೊತೆ ಭಾವನವರೇ ಬಂದರು. ಮೊದಲ ದಿನ ಮಷೀನಿನ ಕೋಣೆಯಿಂದ ಹೊರಗೆ ಬಂದೆ. ಇವರು ಎದ್ದು ನಿಂತು, "ನಾಲ್ಕು ಪರ್ಸೆಂಟ್ ಮುಗೀತಮ್ಮ" ಎಂದರು. ಸಿಟ್ಟು ಬಂತು! ಆದರೆ ಎಂಟು, ಹನ್ನೆರಡು, ಹದಿನಾರು ಎನ್ನುತ್ತಾ ಹೋದಂತೆ, ನನಗೂ ಆ ಮಾತು ಕಿವಿಗೆ ಬೀಳದೆ ಸಮಾಧಾನವಿಲ್ಲ ಎನ್ನುವಂತಾಯಿತು. ಲೋಕಲ್ ರೈಲಿನಲ್ಲಿ ಕೂರಲು ಸೀಟು ಸಿಕ್ಕಿದ್ದು, ಎರಡು ತುತ್ತು ಊಟ ಸೇರಿದ್ದು, ಈ ನಾಲ್ಕು ಪರ್ಸೆಂಟು: ಅಂದಂದಿಗೆ ದೇವರು ಕೊಟ್ಟದ್ದು ಅಷ್ಟು.

ಸುಳ್ಳು ಲೆಕ್ಕ ಮಾತ್ರ ಅವರ ಬಾಯಲ್ಲಿ ಬಾರದು. ಒಂದು ದಿನ ಆಸ್ಪತ್ರೆಗೆ ಹೋಗುವಾಗ ಲೋಕಲ್ ಕುರ್ಲಾದಲ್ಲಿ ನಿಂತುಬಿಟ್ಟಿತು. ಇಪ್ಪತ್ತು ನಿಮಿಷದ ದಾರಿಯಲ್ಲಿ ಎಂಟು ಕಳೆದಿತ್ತು. ಭಾವನವರು "ನಲವತ್ತು" ಎಂದಿದ್ದರು. ಅಷ್ಟರಲ್ಲಿ, ಗಾಡಿ ಇನ್ನೂ ಇಪ್ಪತ್ತು ನಿಮಿಷ ತಡ ಎಂದು ಅನೌನ್ಸ್‌ಮೆಂಟ್ ಬಂತು.

"ಈಗ ಇಪ್ಪತ್ತೇ ಪರ್ಸೆಂಟ್ ಆಯ್ತಮ್ಮ" ಎಂದರು, ಸ್ವಲ್ಪವೂ ಮರುಕವಿಲ್ಲದೆ.

ಕನ್ನಡ ಅಷ್ಟಿಷ್ಟು ತಿಳಿಯುತ್ತಿದ್ದ ಎದುರಿನ ಸೀಟಿನವನು ಗಾಬರಿಯಾದ. "ಅಂಕಲ್, ಗಾಡಿ ಆಗೇ ಜಾ ರಹೀ ಹೈ ಯಾ ಪೀಛೇ?" ಗಾಡಿ ಮುಂದೆ ಹೋಗುತ್ತಿದೆಯೋ ಹಿಂದಕ್ಕೋ ಎಂದು ಅವನ ಪ್ರಶ್ನೆ.

ಇಪ್ಪತ್ತನೆಯ ದಿನ. ಎಂಬತ್ತು! ಎಂಬತ್ತಾಯಿತೆಂದು ಮನಸ್ಸಿನಲ್ಲೇ ಕೈಮುಗಿದುಕೊಂಡು ಹೊರಗೆ ಬಂದೆ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇನ್ನೂ ಐದು ದಿನ ಹೆಚ್ಚಿಗೆ ಕೊಡಬೇಕು, ಒಟ್ಟು ಮೂವತ್ತು ಎಂದರು. ಇಷ್ಟು ದಿನದ ಸಹವಾಸ, ನನಗೂ ಲೆಕ್ಕ ಬರುತ್ತದೆ. ಎಂಬತ್ತಿದ್ದದ್ದು ಅರವತ್ತಾರು ಚಿಲ್ಲರೆಗೆ ಇಳಿಯಿತು.

ವಾಪಸು ಬರುವಾಗ ಕುರ್ಲಾ ಬಂತು, ಭಾವನವರ ಪರ್ಸೆಂಟ್ ಬರಲಿಲ್ಲ. ಘಾಟ್ಕೋಪರ್‌ನಲ್ಲಿ ಇಳಿದು, ಸೇತುವೆಯ ಮೆಟ್ಟಿಲ ಅರ್ಧದಲ್ಲಿ ಸುಸ್ತಾಗಿ ಕಂಬಿ ಹಿಡಿದು ನಿಂತೆ. ಜನ ತಳ್ಳುತ್ತಿದ್ದರು, ಭಾವನವರು ಅಡ್ಡ ನಿಂತರು.

"ಎಷ್ಟಾಯ್ತು ಭಾವ?" ನಾನೇ ಕೇಳಿದೆ.

ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಗಡಿಯಾರ ನೋಡಲಿಲ್ಲ.

"ಇವತ್ತು ನೂರು ಪರ್ಸೆಂಟ್ ಮುಗೀತಮ್ಮ."

ಆಗಿನ್ನೂ ಸಂಜೆ ಐದು ಗಂಟೆ. ಅವರ ಲೆಕ್ಕದಲ್ಲಿ ಎಪ್ಪತ್ತೈದೂ ಆಗಿರಲಿಲ್ಲ.

ಮನೆಗೆ ಬಂದು, ದೀಪ ಹಚ್ಚುವ ಮೊದಲೇ ಅವರಿಗೆ ಕಾಫಿ ಬೆರೆಸಿ ಕೊಟ್ಟೆ. ಅಂದು ದೇವರು ಸ್ವಲ್ಪ ಕಾದ.