ಒಂದು ತಲಾಂತು ಪಚ್ಚಬಾಳೆ

ಬೆಳಗ್ಗೆ ಕಾಫಿಗೆ ನೀರಿಟ್ಟು ಅದು ಕುದಿಯುವಷ್ಟರಲ್ಲಿ ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಮಂಡಿನೋವು ನಿನ್ನೆಗಿಂತ ಕಡಿಮೆ, ಸ್ತೋತ್ರ. ಗ್ಯಾಸ್ ಸಿಲಿಂಡರ್ ಇನ್ನೂ ಮುಗಿದಿಲ್ಲ, ಸ್ತೋತ್ರ. ಮಂಗಗಳು ನಮ್ಮ ಸೀಬೆಮರ ಬಿಟ್ಟು ಆಚೆ ತೋಟಕ್ಕೆ ಹೋದವು, ಅದಕ್ಕೂ ಸ್ತೋತ್ರ. ಎಣಿಕೆ ಹೀಗೆ ಸುಸೂತ್ರವಾಗಿ ಸಾಗಿ ಪಕ್ಕದ ಮನೆಯ ಬೇಲಿಯ ಹತ್ತಿರ ಬಂದಾಗ ನಿಂತುಬಿಡುತ್ತದೆ. ಬೇಲಿಯ ಆಚೆ ಇರುವವಳು ಗ್ರೇಸಿ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಅವಳು ಸ್ವಲ್ಪ ಜಂಬದವಳೋ ಜಗಳಗಂಟಿಯೋ ಆಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಆದರೆ ನನಗೆ ಜ್ವರ ಬಂದರೆ ಗಂಜಿ ತರುವವಳು ಅವಳೇ. ಆ ಗಂಜಿಯಲ್ಲಿ ಉಪ್ಪೂ ಸರಿಯಾಗಿರುತ್ತದೆ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡಲು ಎಷ್ಟು ಮೈಮುರಿದು ದುಡಿಯಬೇಕು ಎಂಬುದು ಪಟ್ಟವರಿಗೇ ಗೊತ್ತು.

ನಮ್ಮದು ಮೂಡಿಗೆರೆ ಕಡೆಯ ಒಂದು ಪುಟ್ಟ ಚರ್ಚು. ವರ್ಷಕ್ಕೊಮ್ಮೆ ಬೆಳೆ ಹಬ್ಬ. ಅವರವರ ಹಿತ್ತಲಲ್ಲಿ ಬೆಳೆದದ್ದನ್ನು ತಂದು ದೇವರ ಮುಂದಿಡುತ್ತೇವೆ. ಆರಾಧನೆ ಮುಗಿದ ಮೇಲೆ ಹರಾಜು ನಡೆದು, ನಮ್ಮ ಸೋರೆಕಾಯಿ ಅವರ ಮನೆಗೆ, ಅವರ ಬದನೆಕಾಯಿ ನಮ್ಮ ಮನೆಗೆ ಹೋಗುತ್ತದೆ. ಯಾರ ಕಾಣಿಕೆ ಎಲ್ಲಕ್ಕಿಂತ ಭಾರವೋ ಆ ಮನೆಯ ಹೆಂಗಸು ಅದನ್ನು ತಾನೇ ಹೊತ್ತು ಮೆರವಣಿಗೆಯ ಮುಂದೆ ನಡೆಯಬೇಕು ಎಂಬುದು ಅಜ್ಜಂದಿರ ಕಾಲದ ಪದ್ಧತಿ. ಗ್ರೇಸಿಯ ಸಿಹಿಗುಂಬಳವನ್ನು ಮೀರಿಸಿದವರಿಲ್ಲ. ಅವಳು ಮಗುವನ್ನು ಎತ್ತಿಕೊಂಡಂತೆ ಕುಂಬಳಕಾಯಿ ಎತ್ತಿಕೊಂಡು ಮುಂದೆ ಹೋಗುವಳು. ನಾನು ಮೂಲಂಗಿ ಕಟ್ಟು ಹಿಡಿದು ಸಾಲಿನಲ್ಲಿ ಎಲ್ಲೋ ನಡುವೆ. ಒಂದು ಸಲ, ಒಂದೇ ಒಂದು ಸಲ, ನಾನು ಮುಂದೆ ನಡೆಯಬೇಕು ಎಂಬ ಆಸೆ ನನ್ನಲ್ಲಿ ಪ್ರಾರ್ಥನೆಯ ಮಟ್ಟಕ್ಕೆ ಬೆಳೆದಿತ್ತು.

ಈ ಸಲ ಕಾಡುಹಂದಿಗಳು ಗ್ರೇಸಿಯ ಕುಂಬಳದ ಬಳ್ಳಿಯನ್ನು ಬುಡಸಮೇತ ಕಿತ್ತುಹಾಕಿದವು. "ಛೆ ಛೆ, ಪಾಪ" ಎಂದೆ. ಮರುದಿನದ ಎಣಿಕೆಯಲ್ಲಿ ಹಂದಿಗಳನ್ನು ಸೇರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಹೆಸರು ಹೇಳದೆ ಸ್ತೋತ್ರ ಅಂದೆ. ಯಾಕೆಂದರೆ ನಮ್ಮ ಬಚ್ಚಲು ನೀರು ಹರಿಯುವ ಕಡೆ ಪಚ್ಚಬಾಳೆಯ ಗೊನೆಯೊಂದು ನೆಲ ಮುಟ್ಟುವ ಹಾಗೆ ಇಳಿದಿತ್ತು. ನಮ್ಮ ಯಜಮಾನರು ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಸಂಜೆ ಕಾಫಿಹಣ್ಣು ತೂಗುವ ತಕ್ಕಡಿ ಅವರ ಕೈಯಲ್ಲೇ ಇರುತ್ತದೆ. ಗೊನೆಯನ್ನು ಕಡಿದು ಅದಕ್ಕೆ ನೇತುಹಾಕಿ, "ಮೂವತ್ತನಾಲ್ಕು ಕೆಜಿ! ಸರಿಯಾಗಿ ನಿನ್ನ ಅರ್ಧ ಮಾರಾಯ್ತಿ" ಎಂದರು. ಈ ಮಾತಿಗೆ ಉತ್ತರವನ್ನು ಹಬ್ಬ ಮುಗಿದ ಮೇಲೆ ಕೊಡೋಣವೆಂದು ಎತ್ತಿಟ್ಟೆ.

ಅಷ್ಟರಲ್ಲಿ ಹೊಸದಾಗಿ ಬಂದ ನಮ್ಮ ಪಾದ್ರಿ ಅಯ್ಯನವರಿಗೆ ಒಂದು ಯೋಚನೆ ಬಂತು. ಈ ವರ್ಷ ಎಲ್ಲರೂ ತಮ್ಮ ಕಾಣಿಕೆಯ ತೂಕವನ್ನು ಬೈಬಲಿನ ಕಾಲದ ಇಬ್ರಿಯರ ಅಳತೆಯಲ್ಲಿ ಚೀಟಿಯಲ್ಲಿ ಬರೆದು ಕೊಡಬೇಕಂತೆ. ಬೋರ್ಡಿನ ಮೇಲೆ ಬರೆದು ತೋರಿಸಿದರು: ಶೇಕೆಲ್ ಎಂದರೆ ಹನ್ನೊಂದು ಗ್ರಾಂ ಚಿಲ್ಲರೆ. ಅದರ ಇಪ್ಪತ್ತನೇ ಒಂದು ಪಾಲು ಗೇರಾ. ಐವತ್ತು ಶೇಕೆಲಿಗೆ ಒಂದು ಮಾನೆ, ಅರವತ್ತು ಮಾನೆಗೆ ಒಂದು ತಲಾಂತು.

"ಅಯ್ಯಾ, ಇನ್ಮೇಲೆ ಸೊಸೈಟಿ ಅಕ್ಕಿನೂ ಹೀಗೇ ತೂಗ್ತಾರಾ?" ಎಂದು ಮೇರಿಯಜ್ಜಿ ಗಾಬರಿಯಿಂದ ಕೇಳಿದರು. ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು ಅವರು. ಕಣ್ಣು ಮಂದ, ಬಾಯಿ ಚುರುಕು.

ನಾನು ಮೊಬೈಲಿನಲ್ಲಿ ಭಾಗಿಸುತ್ತ ಕೂತೆ. ಒಲೆಯ ಮೇಲಿನ ಸಾರು ಸೀದುಹೋಗುವ ಹೊತ್ತಿಗೆ ಉತ್ತರ ಸಿಕ್ಕಿತು. ಮೂವತ್ತನಾಲ್ಕು ಕೆಜಿ ಎಂದರೆ, ನೂರಿನ್ನೂರು ಗ್ರಾಂ ಆಚೀಚೆ, ಒಂದು ತಲಾಂತು! ಪಟ್ಟಿಯಲ್ಲೇ ದೊಡ್ಡ ಅಳತೆ! ಇಡೀ ಸಭೆಯಲ್ಲಿ ಬೇರೆ ಯಾರ ಕಾಣಿಕೆಯೂ ಮಾನೆಯ ಲೆಕ್ಕ ದಾಟಿ ತಲಾಂತಿಗೆ ಬರಲಾರದು. ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ.

ಶನಿವಾರ ಸಂಜೆ ಸಭೆಯ ಹಿರಿಯರೊಬ್ಬರು ಎಲ್ಲರೆದುರು ಚೀಟಿಗಳನ್ನು ಓದಿದರು.

"ಗ್ರೇಸಿ, ಏಲಕ್ಕಿ, ಐನೂರು ಗೇರಾ."

"ಅಬ್ಬಬ್ಬಾ! ಐನೂರಾ!" ಎಂದು ಹೆಂಗಸರ ಬೆಂಚಿನಿಂದ ಉದ್ಗಾರ ಎದ್ದಿತು.

ಆಮೇಲೆ ನನ್ನದು. "ಪಚ್ಚಬಾಳೆ, ಒಂದು ತಲಾಂತು."

ಒಬ್ಬರೂ ತಲೆ ಎತ್ತಲಿಲ್ಲ. ಮೇರಿಯಜ್ಜಿ ಮಾತ್ರ ನನ್ನ ತೊಡೆ ತಟ್ಟಿ, "ಒಂದೇನಾ? ಹೋಗ್ಲಿ ಬಿಡೇ ಮಗಾ, ದೇವರಿಗೆ ಮನಸ್ಸು ಮುಖ್ಯ" ಎಂದರು.

ಹಿರಿಯರು ಕನ್ನಡಕ ತೆಗೆದು, "ಹಾಗಾದ್ರೆ ಈ ವರ್ಷವೂ ಗ್ರೇಸಿಯೇ ಮುಂದೆ" ಎಂದುಬಿಟ್ಟರು. ಅಯ್ಯನವರು ಎದ್ದು ಬೋರ್ಡು ಹುಡುಕುವಷ್ಟರಲ್ಲಿ ನನ್ನ ಬಾಯಿ ನನ್ನನ್ನು ಮೀರಿತ್ತು.

"ಐನೂರು ಗೇರಾ ಅಂದ್ರೆ ಮುನ್ನೂರು ಗ್ರಾಮೂ ಇಲ್ಲ! ಗೇರಾ ಲೆಕ್ಕದಲ್ಲಿ ಹೇಳಿದ್ರೆ ನಂದು ಅರವತ್ತು ಸಾವಿರ!"

ಚರ್ಚಿನಲ್ಲಿ ಅಷ್ಟು ಜೋರಾಗಿ ಆಮೆನ್ ಕೂಡ ಹೇಳಿದವಳಲ್ಲ ನಾನು. "ಈಗಷ್ಟೇ ಒಂದು ಅಂದ್ಲು, ಕಣ್ಮುಚ್ಚಿ ಬಿಡೋದ್ರೊಳಗೆ ಅರವತ್ತು ಸಾವಿರ" ಎಂದು ಮೇರಿಯಜ್ಜಿ ಪಕ್ಕದವರಿಗೆ ಹೇಳಿದರು. "ಬಾಳೆ ಹೀಗೆ ಬೆಳೆಯೋದು ನಾ ಕಂಡಿಲ್ಲ."

ಆಗ ಗ್ರೇಸಿ ಎದ್ದು ನಿಂತಳು. "ಅಕ್ಕ ಹೇಳೋದು ಸರಿ. ನಂದು ಎರಡು ಬೊಗಸೆ ಏಲಕ್ಕಿ ಅಷ್ಟೆ. ಸಣ್ಣ ಕಾಣಿಕೆ ಅಲ್ವಾ, ಅದಕ್ಕೆ ಸಣ್ಣ ಅಳತೇಲಿ ಬರೆದೆ. ಅವರೇ ಮುಂದೆ ಹೋಗ್ಲಿ." ಎಲ್ಲರೂ ಅವಳನ್ನು ಮೆಚ್ಚಿಗೆಯಿಂದ ನೋಡಿದರು. ಗೆದ್ದವಳು ನಾನು, ಮೆಚ್ಚಿಗೆ ಅವಳಿಗೆ. ಸೋಲುವುದನ್ನೂ ನನಗಿಂತ ಚೆನ್ನಾಗಿ ಮಾಡುವವಳನ್ನು ಏನು ಮಾಡಲಿ, ನೀವೇ ಹೇಳಿ.

ಭಾನುವಾರ ಗಂಟೆ ಹೊಡೆಯಿತು. ಇಸ್ತ್ರಿ ಮಾಡಿದ ರೇಷ್ಮೆ ಸೀರೆಯುಟ್ಟು, ಎಸ್ಟೇಟಿನ ಜೀಪು ಚರ್ಚಿನ ಅಂಗಳದಲ್ಲಿ ಇಳಿಸಿಹೋಗಿದ್ದ ಗೊನೆಯ ಹತ್ತಿರ ಬಗ್ಗಿದೆ. ನಾನು ಎದ್ದೆ, ಗೊನೆ ಏಳಲಿಲ್ಲ. ಭಾರವಾದದ್ದನ್ನು ಕೊಡುವ ಹುರುಪಿನಲ್ಲಿ, ಅದನ್ನು ಹೊರುವವಳೂ ನಾನೇ ಎಂಬುದು ಹೊಳೆದೇ ಇರಲಿಲ್ಲ. ಯಜಮಾನರ ಕಡೆ ನೋಡಿದೆ. "ನಾನು ತೂಗೋನು, ಹೊರೋನಲ್ಲ" ಎಂದು ಅವರು ಚರ್ಚಿನ ಹೆಂಚು ಎಣಿಸತೊಡಗಿದರು.

ಒಳಗೆ ಹಾಡು ಶುರುವಾಯಿತು. ಗ್ರೇಸಿ ಏಲಕ್ಕಿ ಬಟ್ಟಲನ್ನು ಯಾರದೋ ಕೈಗೆ ಕೊಟ್ಟು, ಎಲ್ಲಿಂದಲೋ ಒಂದು ದಪ್ಪ ಬಿದಿರುಕೋಲು ತಂದು ಗೊನೆಗೆ ತೂರಿಸಿ, "ಬನ್ನಿ ಅಕ್ಕಾ, ಹೆಗಲು ಕೊಡಿ" ಎಂದಳು. ಕೊಟ್ಟೆ. ಚರ್ಚಿನ ಬಾಗಿಲು ಕಿರಿದು. ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಬಾಗಿಲ ಕಡೆಯ ತುದಿ ಅವಳ ಹೆಗಲ ಮೇಲಿತ್ತು. ಆ ಭಾರ ಹೊತ್ತು ತಿರುಗಿ ನಿಲ್ಲುವ ಶಕ್ತಿ ನನಗಿರಲಿಲ್ಲ. ಹೀಗಾಗಿ ಮುಂದೆ ಗ್ರೇಸಿ, ನಡುವೆ ಬಾಳೆ, ಹಿಂದೆ ನಾನು. ನಾನು ಕುಳ್ಳಿಯಾದ್ದರಿಂದ ಗೊನೆಯೂ ನನ್ನ ಕಡೆಗೇ ಜಾರಿ ಮೂಗಿಗೆ ತಾಗುತ್ತಿತ್ತು. ಹಾಡಲು ಬಾಯಿ ತೆರೆದರೆ ಬಾಳೆಕಾಯಿ.

ಅಂತೂ ಪೀಠದ ಮುಂದೆ ಇಳಿಸಿ ಏದುಸಿರು ಬಿಡುತ್ತಿದ್ದಾಗ ಮೊದಲ ಬೆಂಚಿನಲ್ಲಿದ್ದ ಮೇರಿಯಜ್ಜಿ ಕತ್ತು ಚಾಚಿ ನೋಡಿದರು. "ನಮ್ಮ ಗ್ರೇಸಿ ಬಾಳೆಗೊನೆನೂ ತಂದಿದ್ದಾಳಲ್ಲೇ! ಎಂಥಾ ಗೊನೆ! ಹಿಂದೆ ಹಿಡ್ಕೊಂಡು ಬಂದವಳಿಗೂ ಒಂದು ಚಿಪ್ಪು ಕೊಟ್ಟು ಕಳ್ಸೇ ಗ್ರೇಸಿ, ಪಾಪ, ಬೆವರು ಸುರೀತಿದೆ."

ಗ್ರೇಸಿ ಕೂಡಲೇ ಸತ್ಯ ಹೇಳಲು ಬಾಯಿ ತೆರೆದಳು. ಅಷ್ಟು ಜನರೆದುರು ಅವಳು ಇನ್ನೊಮ್ಮೆ ಒಳ್ಳೆಯವಳಾಗುವುದನ್ನು ನೋಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

"ಕೊಡು ಮಾರಾಯ್ತಿ, ಒಂದು ಚಿಪ್ಪು ಸಾಕು" ಎಂದು ಕೈಚಾಚಿದೆ.