ಕೊರಳಮಟ್ಟ ತುಂಬಿದ ಮೀನಿನ ಭರಣಿಯ ಕುರಿತು

ಗಜೇಂದ್ರಗಡ, ೧೪ ಎಪ್ರಿಲ್ ೧೯೫೫

ನಮ್ಮೂರ ವಾಚನಾಲಯದ ಘನ ಅಧ್ಯಕ್ಷರಾದ ಮಹಾಲಿಂಗಪ್ಪನವರ ಸನ್ನಿಧಿಗೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು, ನೆಲ ಕಾದಿರುವುದರಿಂದ ಸದ್ಯಕ್ಕೆ ಕಾಗದದ ಮೇಲೆಯೇ ಒಪ್ಪಿಸಿಕೊಳ್ಳಬೇಕು.

ತಾವು ಮುಂಬಯಿಯಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ, ಹೊಟ್ಟೆ ದೊಡ್ಡದಾಗಿ ಕೊರಳು ಸಣ್ಣದಾದ ಗಾಜಿನ ಭರಣಿ ವಾಚನಾಲಯದ ಮೇಜನ್ನೇರಿದಂದಿನಿಂದ ಊರವರು ಪೇಪರು ಬಿಟ್ಟು ಮೀನು ಓದುತ್ತಿದ್ದಾರೆ. ಏಳು ಬಂಗಾರಬಣ್ಣದ ಮೀನುಗಳಲ್ಲಿ ಮೂರು ಹದಿನೈದು ದಿನಗಳೊಳಗೆ ತೀರಿಕೊಂಡವು. ಉಳಿದ ನಾಲ್ಕರ ಪರವಾಗಿ ಈ ಪತ್ರ. ಅವು ಬೆಳಗಿನಿಂದ ಬಾಯಿ ಬಿಡುತ್ತಿದ್ದರೂ ಕೇಳಿಸಿಕೊಳ್ಳುವವರಿಲ್ಲ.

ಭರಣಿಯನ್ನು ಕೊರಳಮಟ್ಟ ತುಂಬಿಸಬೇಕೆಂಬುದು ತಮ್ಮ ಅಪ್ಪಣೆ. ಏಕೆಂದು ನೀರು ಹೊರುವ ಬಾಳವ್ವನನ್ನು ಕೇಳಿದರೆ, "ಅರ್ಧಾ ಕೊಡಾ ಕಣ್ಣಿಗೆ ಬಿದ್ರ ಹಿಡಿದ ಕೆಲಸಾ ಕೆಡತೈತಂತ್ರಿ. ಅಧ್ಯಕ್ಷರು ಒಳಗ ಬರೂದ್ರಾಗ ತುಂಬಿದ್ದ ಎದುರಿಗೆ ಇರಬೇಕಂತ. ಮೀನಿನ ಶಕುನಾ ಯಾರ್ ಕೇಳ್ತಾರ್ರಿ?" ಎಂದಳು.

ಧಾರವಾಡದ ಕಾಲೇಜಿನಲ್ಲಿ ಕಲಿತು ನಾನು ಮರೆಯದೆ ಉಳಿಸಿಕೊಂಡ ಒಂದೇ ಸಂಗತಿಯೆಂದರೆ, ನೀರು ತನ್ನ ಮೇಲ್ಮೈಯಿಂದ ಗಾಳಿ ಕುಡಿಯುತ್ತದೆ. ಹೊಟ್ಟೆಯ ಮಟ್ಟಕ್ಕೆ ನಿಲ್ಲಿಸಿದರೆ ಆ ಮೈ ಊಟದ ಗಂಗಾಳದಷ್ಟು ಅಗಲ; ಕೊರಳಿಗೇರಿಸಿದರೆ ಚಹದ ಬಸಿಯಷ್ಟು. ಅದರ ಮೇಲೂ, ನೀರನ್ನು ತೆರೆದಿಡಬಾರದೆಂದು, ಒಂದು ಹಿತ್ತಾಳೆಯ ತಾಟು! ಗಾಳಿಮಾತಿಗೆ ಎಂದೂ ಕೊರತೆಯಿಲ್ಲದ ನಮ್ಮ ವಾಚನಾಲಯದಲ್ಲಿ ಗಾಳಿಗೆ ಬರ ಬಂದದ್ದು ತಮ್ಮ ಆಡಳಿತದ ವಿಶೇಷವೇ ಸರಿ.

ಕಳೆದ ವಾರ ತಾಟು ತೆಗೆಸಿದಾಗ ಮೀನುಗಳು ಮೇಲೇರಿ ಬಾಯಿ ತೆರೆದುದನ್ನು ಕಂಡು ತಾವು, "ನೋಡ್ರಿ, ಮಂದೀಗಿಂತ ಮೀನಾ ಚಲೋ! ನನಗ ಹ್ಯಾಂಗ ಶರಣು ಅಂತಾವ!" ಎಂದು ಕಣ್ಣೊರೆಸಿಕೊಂಡಿರಿ. ಅದು ಶರಣಲ್ಲ ಅಧ್ಯಕ್ಷರೇ, ಏದುಸಿರು.

ಆದಕಾರಣ ನೀರನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿ, ತಾಟನ್ನು ಊಟಕ್ಕೆ ಮರಳಿಸಿ, ದಿನಕ್ಕೆ ನಾಲ್ಕು ಸಲ ಚೆರಿಗೆಯಿಂದ ನೀರೆತ್ತಿ ಮೇಲಿನಿಂದ ಸುರಿಸಬೇಕು. ಇದು ಕಠಿಣವೆನಿಸಿದರೆ, ಮೀನುಗಳು ಉಸಿರಾಡುವ ಚಟ ಬಿಡತಕ್ಕದ್ದೆಂದು ಕಮಿಟಿಯಲ್ಲಿ ಠರಾವು ಪಾಸು ಮಾಡಿಸಿ, ಅವು ಅದನ್ನು ಓದಲು ಕಲಿಯುವವರೆಗಾದರೂ ಬದುಕಿರಲು ಪರವಾನಗಿ ದಯಪಾಲಿಸಬೇಕು.

ತಮ್ಮ ವಿಶ್ವಾಸಿ,
ಗುರುರಾಜ

ತಾ.ಕ.: ತಾವು ಬೀಗರ ಮನೆಗೆಂದು ಕೊಣ್ಣೂರಿಗೆ ಹೋದದ್ದು ಗೊತ್ತಾಗಿ, ನಾನು ಇದನ್ನು ಬರೆದು ಮುಗಿಸುವಷ್ಟರಲ್ಲಿ ಬಾಳವ್ವ ನೀರು ಇಳಿಸಿಯೇಬಿಟ್ಟಳು, ಚೆರಿಗೆ ಕೊಟ್ಟವನು ನಾನು, ಸಿಟ್ಟು ನನ್ನ ಮೇಲಿರಲಿ. ನಾಲ್ಕೂ ಮೀನುಗಳು ಈಗ ತಳದಲ್ಲಿ ಆಡಿಕೊಂಡಿವೆ. ನಾಳೆ ತಾವು ಬಂದಾಗ ಒಂದೂ ಮೇಲೇಳಲಿಕ್ಕಿಲ್ಲ. ಬೇಸರ ಬೇಡ, ತಮ್ಮೆದುರು ಬಾಯಿ ತೆರೆದು ನಿಲ್ಲಲು ಕಮಿಟಿಯ ಮೆಂಬರರಿದ್ದಾರೆ, ಅವರಿಗೆ ನೀರು ಬದಲಿಸುವ ತೊಂದರೆಯೂ ಇಲ್ಲ.