ಪಕ್ಕದ ಮನೆಯ ಶಾಕ್ ಅಬ್ಸಾರ್ಬರ್

ಲೈಬ್ರರಿಯವರ ಕಾರಿನ ಹಿಂಭಾಗ ಕುಣಿಯುತ್ತಿತ್ತು. ಕುಣಿತ ಅಂದರೆ ಅಂತಿಂಥ ಕುಣಿತವಲ್ಲ. ಬೀದಿಯ ತುದಿಯ ಉಬ್ಬು ದಾಟಿದರೆ ಅಂಚೆ ಕಚೇರಿ ಬರುವವರೆಗೂ ಏಳುವುದು, ಕೂರುವುದು, ಮತ್ತೆ ಏಳುವುದು. ಮುಂದಿನ ಸೀಟಿನ ಪಕ್ಕದ ಬಾಗಿಲು ತೆರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಅವರ ಹೆಂಡತಿ ಕೂರಬೇಕಾದದ್ದು ಹಿಂದೆಯೇ. ಹೋದ ವಾರ ಅಕ್ಕನ ಮನೆಗೆ ಹೋಗುವಾಗ ಆಕೆಯ ತಲೆ ಮೂರು ಸಲ ಚಾವಣಿಗೆ ಬಡಿದಿತ್ತು.

ಭಾನುವಾರ ಬೆಳಿಗ್ಗೆ ಕಾಫಿ ಕೊಡುತ್ತಾ ಆಕೆ ಸಮಾಧಾನವಾಗಿಯೇ ಹೇಳಿದಳು. "ನೋಡಿ, ಇವತ್ತು ಮೂರೂವರೆಗೆ ಅಕ್ಕನ ಮನೆಗೆ ಹೋಗ್ಬೇಕು. ಇನ್ನೊಂದೇ ಒಂದು ಸಲ ನನ್ನ ತಲೆ ತಗುಲಿದ್ರೂ ಆ ಕಾರು ಗುಜರಿಗೆ. ನಾಳೆ ಎಂಟು ಗಂಟೆಗೆ ಬಾ ಅಂತ ಗುಜರಿಯವನಿಗೆ ಹೇಳೂ ಆಗಿದೆ. ಬೇಡ ಅನ್ನೋದಾದ್ರೆ ಸಂಜೆ ಫೋನ್ ಮಾಡ್ತೀನಿ."

ಮೂವತ್ತು ವರ್ಷ ಲೈಬ್ರರಿಯಲ್ಲಿದ್ದು ಲೈಬ್ರರಿಯವರಿಗೆ ದನಿ ಏರಿಸಿ ಗೊತ್ತಿಲ್ಲ. ಕಾಫಿ ಕುಡಿದು ಹೊರಗೆ ಬಂದು ಕಾರಿನ ಮೇಲೆ ಕೈಯಿಟ್ಟು ನಿಂತರು. ಅದು ಅಪ್ಪನ ಕಾರು. ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿಯಲು ಕಲಿತದ್ದು ಇದರಲ್ಲೇ. ನಾಳೆ ಅದನ್ನು ಸುತ್ತಿಗೆಯಲ್ಲಿ ಒಡೆದು ತೂಕಕ್ಕೆ ಹಾಕುತ್ತಾರೆ.

"ಹಿಂದಿನ ಶಾಕ್ ಎರಡೂ ಹೋಗಿದೆ ಸಾರ್," ಎಂದ ಎದುರು ಅಂಗಡಿಯ ಟೈಲರ್. ಯಾರೂ ಕೇಳಿರಲಿಲ್ಲ. "ಹೊಸದು ಎಲ್ಲೂ ಸಿಗಲ್ಲ. ಪಕ್ಕದಲ್ಲಿ ಮಾಸ್ಟ್ರ ಕಾರಿದೆಯಲ್ಲ, ಅದೂ ನಿಮ್ಮದರ ವಾರಿಗೆಯೇ. ಕಂಪನಿ ಬೇರೆ, ಅಷ್ಟೇ. ಬಿಚ್ಚಿ ಇದಕ್ಕೆ ಹಾಕಿದ್ರಾಯ್ತು. ಭಾನುವಾರ ನನಗೂ ಕೆಲಸವಿಲ್ಲ."

ಪಕ್ಕದ ಮನೆಯವರು ನಿವೃತ್ತ ಸ್ಟೇಷನ್ ಮಾಸ್ಟರು. ಅವರ ಹಸಿರು ಕಾರು ಎಂಟು ವರ್ಷದಿಂದ ಶೆಡ್ಡಿನಿಂದ ಆಚೆ ಬಂದಿಲ್ಲ. ಆದರೂ ಪ್ರತಿದಿನ ಒರೆಸುತ್ತಾರೆ, ದಾರಿಹೋಕರನ್ನು ಕರೆದು ತೋರಿಸುತ್ತಾರೆ. ಅದರ ಒಂದು ಬೋಲ್ಟನ್ನೂ ಇದುವರೆಗೆ ಯಾರಿಗೂ ಕೊಟ್ಟವರಲ್ಲ.

"ಶಾಕ್ ಅಬ್ಸಾರ್ಬರಾ?" ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. "ಅಲ್ಲ ಲೈಬ್ರರಿಯವ್ರೇ, ನನ್ನ ಗಾಡಿ ಬಗ್ಗೆ ನಿಮ್ಮ ಅಭಿಪ್ರಾಯ ಏನು, ಮೊದಲು ಅದನ್ನ ಹೇಳಿ. ಬೆಲೆ ಗೊತ್ತಿಲ್ಲದವರ ಕೈಗೆ ನಾನು ಕೊಡಲ್ಲ."

"ಒಳ್ಳೇ ಗಾಡಿ ಸರ್."

"ಅಷ್ಟೇನಾ?"

ಟೈಲರ್ ಮೊಣಕೈಯಲ್ಲಿ ತಿವಿದ. ಲೈಬ್ರರಿಯವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಇಂಥ ಗಾಡಿಯನ್ನು ತಾನು ನೋಡಿಯೇ ಇಲ್ಲ ಎಂದರು. ಇದರ ಮುಂದೆ ತನ್ನದು ಎತ್ತಿನ ಬಂಡಿ ಎಂದರು. ಎಂಟು ವರ್ಷ ನಿಂತಿದ್ದರೇನು, ಈಗ ಕೀಲಿ ತಿರುಗಿಸಿದರೂ ಹೊರಟುಬಿಡುತ್ತದೆ ಎಂದರು. ಹೇಳುತ್ತಾ ಹೇಳುತ್ತಾ ಅವರಿಗೇ ತಮ್ಮ ಮಾತಿನ ಮೇಲೆ ನಂಬಿಕೆ ಬರತೊಡಗಿತು. ಮಾಸ್ಟರು ಕಣ್ಣು ಮುಚ್ಚಿ ಸಂಗೀತ ಕೇಳುವವರ ಹಾಗೆ ಕೇಳಿದರು. ಕೇಳಿ ಮುಗಿದ ಮೇಲೆ ಪಾನಾ ತಂದುಕೊಟ್ಟರು.

ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು ಕಾದರು, ಸುತ್ತಿಗೆಯಲ್ಲಿ ತಟ್ಟಿದರು. ಕೈ ನಿಂತರೆ ಮಾಸ್ಟರು "ಏನಾಯ್ತು?" ಎನ್ನುವರು. "ಏನಿಲ್ಲ ಸರ್, ಎಷ್ಟು ಗಟ್ಟಿ ನೋಡಿ, ಆಗಿನ ಕಾಲದ ಕೆಲಸ," ಎಂದು ಕಾರಿನ ಅಡಿಯಿಂದ ಲೈಬ್ರರಿಯವರು ಹೇಳಬೇಕು. ಒಂದೊಂದು ಬೋಲ್ಟಿಗೂ ಒಂದೊಂದು ಹೊಗಳಿಕೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮಾತು ಖಾಲಿಯಾಗಿ, ಕಾರಿನ ಹೊಟ್ಟೆಯ ಬಣ್ಣವನ್ನೂ ಹೊಗಳಿದರು.

ಹನ್ನೊಂದಕ್ಕೆ ಎರಡೂ ಕೈಗೆ ಬಂದವು. ಒತ್ತಿದರೆ ನಿಧಾನಕ್ಕೆ ಒಳಗೆ ಹೋಗಿ ನಿಧಾನಕ್ಕೆ ಹೊರಗೆ ಬರುತ್ತಿದ್ದವು, ಜೀವವಿತ್ತು. ಆದರೆ ಲೈಬ್ರರಿಯವರ ಕಾರಿಗೆ ಹಿಡಿದು ನೋಡಿದರೆ ಮೇಲ್ಗಡೆ ಸರಿಯಾಗಿ ಕೂತಿತು, ಕೆಳಗಡೆಯ ತೂತು ದೊಡ್ಡದಾಯಿತು. ಅಚ್ಚಿನ ಮೇಲಿನ ಕಡ್ಡಿ ಅದರೊಳಗೆ ಲೊಡಲೊಡ ಅನ್ನುತ್ತಿತ್ತು. ನಡುವೆ ಒಂದು ಕಬ್ಬಿಣದ ಬಳೆ ಬೇಕು.

"ಅಳತೆ ನನಗೆ ಬಿಡಿ," ಎಂದ ಟೈಲರ್. ಕೊರಳಲ್ಲಿದ್ದ ಟೇಪು ತೆಗೆದು ಕಡ್ಡಿಯ ಸುತ್ತ ಸುತ್ತಿದ, ತೂತಿನೊಳಗೂ ಬೆರಳಿನಿಂದ ಒತ್ತಿ ಹಿಡಿದ, ಚೀಟಿಯಲ್ಲಿ ಬರೆದುಕೊಂಡು ತಾನೇ ಲೇತ್ ಅಂಗಡಿಗೆ ಹೋದ. ಒಂದು ಗಂಟೆ ಬಿಟ್ಟು ಎರಡು ಬಳೆ ತಂದ. ಒಳಗಡೆ ಸಡಿಲ, ಹೊರಗಡೆ ದಪ್ಪ. ಅತ್ತ ಕಡ್ಡಿಗೂ ಆಗಲಿಲ್ಲ, ಇತ್ತ ತೂತಿಗೂ ಆಗಲಿಲ್ಲ.

"ಎಷ್ಟು ಅಳತೆ ಕೊಟ್ಟಿರಿ?"

"ಇದ್ದಷ್ಟೇ ಕೊಟ್ಟೆ ಸಾರ್. ಎಲ್ಲಾ ಕಡೆ ಅರ್ಧ ಬೆರಳು ಜಾಸ್ತಿ ಬಿಟ್ಟಿದ್ದೀನಿ, ಅಷ್ಟೇ."

"ಯಾಕೆ?"

"ತೊಳೆದ ಮೇಲೆ ಕುಗ್ಗುತ್ತಲ್ಲ."

"ಕಬ್ಬಿಣ ಕುಗ್ಗಲ್ಲಪ್ಪಾ."

"ಹಾಗಂತ ಎಲ್ಲರೂ ಹೇಳ್ತಾರೆ. ಆಮೇಲೆ ಬಿಗಿ ಆಯ್ತು ಅಂತ ನನ್ನ ಹತ್ರಾನೇ ಬರ್ತಾರೆ," ಎಂದ ಟೈಲರ್, ಇಪ್ಪತ್ತು ವರ್ಷದ ಅನುಭವದಿಂದ.

ಲೈಬ್ರರಿಯವರು ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು. ಕೂತರೆ ಕೆಲಸವಾಗುತ್ತದೆಯೇ, ಎದ್ದು ಈ ಸಲ ತಾವೇ ಲೇತ್‌ಗೆ ಓಡಿದರು. ಊಟವಿಲ್ಲ, ಸ್ನಾನವಿಲ್ಲ. ಮೂರು ಗಂಟೆಗೆ ಬಳೆ ಕೂತಿತು, ನಟ್ಟು ಬಿಗಿಯಾಯಿತು. ಮಾಸ್ಟರು ಕೈಗಡಿಯಾರ ನೋಡಿ, "ಮೂರು ಹದಿನೆಂಟು. ಹೊರಡಬಹುದು," ಎಂದು ಕೈ ಎತ್ತಿದರು. ಅಭ್ಯಾಸಬಲ.

ಹೆಂಡತಿ ಬಂದು ಹಿಂದೆ ಕೂತಳು. ಮೊದಲೇ ಹುಷಾರಾಗಿ ತಲೆಯ ಮೇಲೆ ಅಂಗೈ ಇಟ್ಟುಕೊಂಡಳು. ಬೀದಿಯ ತುದಿಯ ಉಬ್ಬು ಬಂತು. ಲೈಬ್ರರಿಯವರು ಉಸಿರು ಬಿಗಿಹಿಡಿದರು. ಕಾರು ಮೆತ್ತಗೆ ಎದ್ದಿತು, ಮೆತ್ತಗೆ ಕೂತಿತು, ಅಲ್ಲಿಗೆ ಮುಗಿಯಿತು. ಅಂಚೆ ಕಚೇರಿಯ ಹತ್ತಿರ ಹೆಂಡತಿ ಕೈ ಕೆಳಗಿಳಿಸಿದಳು. ಸೇತುವೆಯ ಹತ್ತಿರ ಒರಗಿ ಕೂತಳು. ಅಕ್ಕನ ಮನೆಯಲ್ಲಿ ಒಂದೂವರೆ ಗಂಟೆ ಹರಟಿ ವಾಪಸು ಬರುವಾಗಲಂತೂ ಕಣ್ಣು ಮುಚ್ಚಿ ಸಣ್ಣಗೆ ಹಾಡು ಗುನುಗುತ್ತಿದ್ದಳು. ಕನ್ನಡಿಯಲ್ಲಿ ಅದನ್ನು ಕಂಡ ಲೈಬ್ರರಿಯವರು ಸ್ಟೀರಿಂಗನ್ನು ಮೆಲ್ಲಗೆ ತಟ್ಟಿದರು. ಉಳಿಯಿತು, ಅಪ್ಪನ ಕಾರು ಉಳಿಯಿತು.

"ರೀ," ಎಂದಳು ಹೆಂಡತಿ. "ನಿಜವಾಗ್ಲೂ ಒಳ್ಳೇ ಗಾಡಿ ಕಣ್ರೀ."

"ನಾನು ಹೇಳ್ತಾನೇ ಇದ್ದೆ," ಎಂದು ಅವರು ಉಬ್ಬಿದರು. "ಈಗಾದ್ರೂ ಒಪ್ಪಿದೆಯಲ್ಲ."

"ಒಪ್ಪದೆ ಇನ್ನೇನು? ಎರಡೇ ಎರಡು ಸಾಮಾನು ತಂದು ಹಾಕಿದ್ದಕ್ಕೆ ಈ ಡಕೋಟ ಇಷ್ಟು ಸುಖ ಆಯ್ತು. ಇನ್ನು ಇಡೀ ಗಾಡಿ ಹೇಗಿರಬೇಡ."

ಲೈಬ್ರರಿಯವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. "ಯಾವ ಗಾಡಿ?"

"ಮಾಸ್ಟ್ರದ್ದು. ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಎಲ್ಲಾ ಕೇಳಿಸ್ಕೊಂಡೆ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನೀವು ಯಾರನ್ನೂ ಹಾಗೆ ಹೊಗಳಿದ್ದು ನಾನು ಕಂಡಿಲ್ಲ. ನನ್ನನ್ನೂ ಸೇರಿಸಿ. ಅಷ್ಟು ಆಸೆ ಇದ್ರೆ ಒಂದು ಮಾತು ಹೇಳಬಾರದಾ? ನೀವು ಲೇತ್‌ಗೆ ಹೋದಾಗ ಮಾಸ್ಟ್ರ ಹೆಂಡತಿ ಹತ್ರ ಮಾತಾಡಿದೆ. ಅವರಿಗೂ ಶೆಡ್ಡು ಖಾಲಿ ಆದ್ರೆ ಸಾಕಂತೆ. ಮಾಸ್ಟ್ರು ಮೊದಲು ಸುತರಾಂ ಆಗಲ್ಲ ಅಂದ್ರಂತೆ. ಆಮೇಲೆ ಲೈಬ್ರರಿಯವರಿಗೆ ಅಂದ ತಕ್ಷಣ ಕಣ್ಣಲ್ಲಿ ನೀರು ಹಾಕ್ಕೊಂಡು ಒಪ್ಪಿದ್ರಂತೆ. ಒಂದ್ಸಲ ಇದರಲ್ಲಿ ಕೂತು ನೋಡಿ ಹೇಳ್ತೀನಿ ಅಂದಿದ್ದೆ. ನೋಡಿದ್ದಾಯ್ತು. ಅಕ್ಕನ ಮನೆಯಿಂದಲೇ ಅವರಿಗೆ ಫೋನ್ ಮಾಡಿ ತಗೊಳ್ತೀವಿ ಅಂದೂ ಆಯ್ತು, ಇದಕ್ಕೆ ಗುಜರಿಯವನು ನಾಳೆ ಬರ್ತಾನೆ."

"ಅಲ್ಲ ಕಣೇ, ಅದು ಓಡಲ್ಲ."

"ಕೀಲಿ ತಿರುಗಿಸಿದ್ರೆ ಹೊರಟುಬಿಡುತ್ತೆ ಅಂದ್ರಲ್ಲ. ಮಾಸ್ಟ್ರ ಮುಂದೆ ಸುಳ್ಳು ಹೇಳಿದ್ರಾ?"

ಹೌದೆಂದರೆ ಮಾಸ್ಟರ ಎದೆ ಒಡೆಯುತ್ತದೆ, ಅಲ್ಲವೆಂದರೆ ಅಪ್ಪನ ಕಾರು ಹೋಗುತ್ತದೆ. ಲೈಬ್ರರಿಯವರು ಬ್ರೇಕಿನಿಂದ ಕಾಲು ತೆಗೆದು ಮನೆಯ ಕಡೆ ಓಡಿಸಿದರು. ಗೇಟಿನ ಹತ್ತಿರ ಮಾಸ್ಟರೇ ಕಾದಿದ್ದರು. ಬಂದು ಎರಡು ಕೈಯನ್ನೂ ಹಿಡಿದುಕೊಂಡು, "ಬೆಲೆ ಬಲ್ಲವರ ಕೈ ಸೇರ್ತಾ ಇದೆ, ನನಗೆ ಅಷ್ಟು ಸಾಕು," ಎಂದರು. ಲೈಬ್ರರಿಯವರು ಆಯಿತೆಂದು ತಲೆಯಾಡಿಸಿದರು.

"ಗುಜರಿಯವನು ಬರೋದ್ರೊಳಗೆ ಮಾಸ್ಟ್ರ ಶಾಕ್ ಎರಡನ್ನೂ ಬಿಚ್ಚಿಡಬೇಕು ಸಾರ್," ಎಂದು ಟೈಲರ್ ಜಾಕು ಉರುಳಿಸಿಕೊಂಡು ಬಂದ. "ಇನ್ನೂ ಬೆಳಕಿದೆ."

ಲೈಬ್ರರಿಯವರು ಪಾನಾ ಹಿಡಿದು ಅಪ್ಪನ ಕಾರಿನ ಕೆಳಗೆ ಅಂಗಾತ ಮಲಗಿದರು. ಕಣ್ಣಿಗೆ ಏನೋ ಬಿದ್ದಂತಾಗಿ ತೋಳಿನಿಂದ ಒರೆಸಿಕೊಂಡರು. ಮೊದಲನೆಯ ನಟ್ಟಿಗೆ ಕೈ ಹಾಕುತ್ತಿದ್ದಂತೆ ಕಿಟಕಿಯಿಂದ ಹೆಂಡತಿಯ ದನಿ ಬಂತು.

"ನಿಧಾನವಾಗಿ ಬಿಚ್ಚಿ ರೀ. ನಮ್ಮ ಗಾಡಿ ಸಾಮಾನು ಅದು."